ಹ್ಯಾಂಡ್‌ಬ್ರೇಕು ಇದೆ, ಹಿಡಿಯೋದಿಲ್ಲ!

ಘಟ್ಟದ ಮೇಲಿನ ಹಳೆ ಗಾಡಿಗಳ ಕೇಬಲ್ ಪುರಾಣ

ಶಿರಸಿ: ಇಲ್ಲಿಯ ಪೇಟೆಯಲ್ಲಿ ಇಳಿಜಾರಿನ ರಸ್ತೆಗಳಿಗೇನೂ ಬರವಿಲ್ಲ. ಅಂಥ ಒಂದು ರಸ್ತೆಯಲ್ಲಿ ಮಾಲು ಇಳಿಸಲು ನಿಂತ ಹಳೆ ‘ಫೋರ್ ನಾಟ್ ಸೆವೆನ್’ ಗಾಡಿಯನ್ನು ಒಮ್ಮೆ ಹಿಂದಿನಿಂದ ನೋಡಬೇಕು. ಚಕ್ರದ ಬುಡಕ್ಕೆ ಒಂದು ಕಲ್ಲು ಒತ್ತಿರುತ್ತದೆ. ಎಷ್ಟೋ ಸಲ ಆ ಕಲ್ಲಿನ ಮೂಲೆ ಸವೆದು ಟಯರಿನ ಆಕಾರಕ್ಕೇ ಬಂದಿರುತ್ತದೆ. ಅಂದರೆ ಅದು ದಾರಿಯಲ್ಲಿ ಸಿಕ್ಕ ಕಲ್ಲಲ್ಲ. ಗಾಡಿಯ ಜತೆಗೇ ಊರೂರು ತಿರುಗುವ, ಸಂಬಳ ಕೇಳದ ಕ್ಲೀನರು!

‘ಹ್ಯಾಂಡ್‌ಬ್ರೇಕು ಇಲ್ವೇನ್ರೀ?’ ಎಂದು ಕೇಳಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಉತ್ತರದ ಧಾಟಿ ಒಂದೇ. ‘ಇದೆ ಮಾರಾಯ್ರೆ, ಹಿಡಿಯೂದಿಲ್ಲ ಅಷ್ಟೆ.’

ಅಷ್ಟೆ! ಆ ‘ಅಷ್ಟೆ’ಯ ಕೆಳಗೆ ಯಾರ ಅಂಗಡಿ ಇದೆ, ಯಾರ ಮಗು ಶಾಲೆಯಿಂದ ಬರುತ್ತಿದೆ ಎಂದು ನೋಡುವವರು ಯಾರು? ಗಾಡಿಯೇನೋ ಡ್ರೈವರನದ್ದು. ಇಳಿಜಾರಿನ ಕೆಳಗಿನ ತುದಿ ಮಾತ್ರ ಊರಿನದ್ದು.

ಬಯಲುಸೀಮೆಯಲ್ಲಿ ಹ್ಯಾಂಡ್‌ಬ್ರೇಕು ಕೆಟ್ಟರೆ ನಡೆದೀತು. ಹೊಲದ ಬದಿ ನಿಲ್ಲಿಸಿದ ಗಾಡಿ ಮರುದಿನವೂ ಅಲ್ಲೇ ಇರುತ್ತದೆ. ಈ ಮೂರು ತಾಲೂಕಿನ ಭೂಮಿ ಹಾಗಲ್ಲ. ಅಡಿಕೆ ತೋಟ ಕಣಿವೆಯ ತಳದಲ್ಲಿ, ಮನೆ ಅದರ ಮೇಲಿನ ಏರಿನಲ್ಲಿ, ಡಾಂಬರು ರಸ್ತೆ ಇನ್ನೂ ಮೇಲೆ. ಗೊಬ್ಬರವಾಗಲಿ ಚಿರೇಕಲ್ಲಾಗಲಿ ಮನೆ ಅಂಗಳ ಮುಟ್ಟಬೇಕೆಂದರೆ ಕೆಂಪು ಮಣ್ಣಿನ ಓಣಿಯಲ್ಲಿ ಇಳಿಯಲೇಬೇಕು, ಅಡಿಕೆ ಮೂಟೆ ಹೇರಿಕೊಂಡು ಅದೇ ಓಣಿ ಹತ್ತಲೇಬೇಕು. ಇನ್ನು ಕರಾವಳಿಗೆ ಇಳಿಯುವುದಾದರೆ ಶಿರಸಿಯವರಿಗೆ ದೇವಿಮನೆ ಘಟ್ಟ, ಸಿದ್ದಾಪುರದವರಿಗೆ ದೊಡ್ಮನೆ ಘಟ್ಟ, ಯಲ್ಲಾಪುರದವರಿಗೆ ಅರಬೈಲು. ಸಮತಟ್ಟು ಜಾಗ ಹುಡುಕಿ ಗಾಡಿ ನಿಲ್ಲಿಸುತ್ತೇನೆಂದರೆ ಇಲ್ಲಿ ಸಿಗುವುದು ಆಟದ ಬಯಲು ಇಲ್ಲವೇ ದೇವಸ್ಥಾನದ ಅಂಗಳ!

ಲೆಕ್ಕ ಬಲ್ಲ ಅಂಗಡಿಕಾರರಿಗೆ ಒಂದು ಲೆಕ್ಕ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ರಸ್ತೆ ಇದೆ ಎನ್ನಿ. ಮಲೆನಾಡಿನ ಕಣ್ಣಿಗೆ ಅದೇನೂ ದೊಡ್ಡ ಇಳಿಜಾರಲ್ಲ. ಅದರ ಮೇಲೆ ಲೋಡು ಸೇರಿ ಐದು ಟನ್ ತೂಗುವ ಗಾಡಿ ನಿಂತಿದೆ. ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ತೂಕದ ಹತ್ತನೇ ಒಂದು ಪಾಲು, ಅಂದರೆ ಸುಮಾರು ಐದು ಕ್ವಿಂಟಾಲು. ಐದು ಕ್ವಿಂಟಾಲನ್ನು ರಾತ್ರಿಯಿಡೀ ಕೈಬಿಡದೆ ಹಿಡಿದುಕೊಳ್ಳಬೇಕಾದದ್ದು ಬೆರಳು ದಪ್ಪದ ಒಂದು ಕೇಬಲು ಮತ್ತು ಅದು ಎಳೆಯುವ ನಾಲ್ಕು ಲೈನರು.

ಇದರಲ್ಲಿ ಇನ್ನೊಂದು ಮೋಸ ಅಡಗಿದೆ. ಖಾಲಿ ಗಾಡಿ ತಂದು ಏರಿನಲ್ಲಿ ನಿಲ್ಲಿಸಿದಾಗ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಡ್ರೈವರು ಇಳಿದು ಚಾ ಕುಡಿಯಲು ಹೋಗುತ್ತಾನೆ. ಆಳುಗಳು ಮೂಟೆ ಹೇರುತ್ತಾರೆ. ಮೂಟೆ ಏರಿದಂತೆಲ್ಲ ಎಳೆತವೂ ಏರುತ್ತದೆ. ಹಿಡಿತ ಮಾತ್ರ ಬೆಳಿಗ್ಗೆ ಎಳೆದಷ್ಟೇ. ಖಾಲಿ ಇದ್ದಾಗ ನಿಂತ ಗಾಡಿ ಅರ್ಧ ಲೋಡಿನಲ್ಲಿ ಜಾರಿದರೆ ಅದರಲ್ಲಿ ಭೂತಚೇಷ್ಟೆ ಏನೂ ಇಲ್ಲ. ಆಗ ಹಿಂದುಗಡೆ ಇರುವವರು ಯಾರು? ಹಲಗೆ ಇಟ್ಟುಕೊಂಡು ಮೂಟೆ ಹೊರುವ ಕೂಲಿಯವರು.

ನಲ್ವತ್ತರ ಹೊಸ್ತಿಲಿನ ಗಾಡಿ

ಈ ಫೋರ್ ನಾಟ್ ಸೆವೆನ್ ಎಂಬುದು ಟಾಟಾದವರು 1986ರಲ್ಲಿ ಬಿಟ್ಟ ಗಾಡಿ. ಜಪಾನಿನ ಕಂಪನಿಗಳ ಜತೆಗೂಡಿ ತಯಾರಾದ ಸಣ್ಣ ಲಾರಿಗಳು, ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ, ದೇಶದ ತುಂಬ ಸದ್ದು ಮಾಡುತ್ತಿದ್ದ ಕಾಲ ಅದು. ಅವನ್ನೆಲ್ಲ ಎದುರಿಸಿ ನಿಂತ ಸ್ವದೇಶಿ ಗಾಡಿ ಇದು. ಅದಕ್ಕೂ ಮುಂಚೆ ಘಟ್ಟ ಆಳಿದ್ದು ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು. ಜರ್ಮನಿಯ ಡೈಮ್ಲರ್ ಬೆಂಜ್ ಜತೆ 1954ರಲ್ಲಿ ಕೂಡಿಕೆಯಾಗಿ, 1969ರಲ್ಲಿ ಆ ಒಪ್ಪಂದ ಮುಗಿದು, ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾದವರ ‘ಟಿ’ ಬಂತು. ನಕ್ಷತ್ರ ಹೋದರೂ ಹಳೆಯ ತಲೆಗಳ ಬಾಯಲ್ಲಿ ಅದು ಬೆಂಜ್ ಲಾರಿಯಾಗಿಯೇ ಉಳಿಯಿತು.

ದೊಡ್ಡ ಲಾರಿ ಇಳಿಯಲಾರದ ತೋಟದ ಓಣಿಗೆ ಫೋರ್ ನಾಟ್ ಸೆವೆನ್ ಇಳಿಯಿತು. ಮಲೆನಾಡಿಗೆ ಅಷ್ಟು ಸಾಕಿತ್ತು. ಹಳೆಯವನ್ನು ಮಾರದೆ, ಗುಜರಿಗೂ ಹಾಕದೆ ಇಟ್ಟುಕೊಂಡವರು ಇಲ್ಲಿ ಇದ್ದಾರೆ. ಎಂಜಿನ್ ಬಿಚ್ಚಿ ಕಟ್ಟಿಸುತ್ತಾರೆ, ಬಾಡಿ ಕಟ್ಟಿಸುತ್ತಾರೆ, ಜಾತ್ರೆಗೆ ಮುಂಚೆ ಪೇಂಟು ಹೊಡೆಸಿ ‘ಶ್ರೀ ಮಾರಿಕಾಂಬಾ ಪ್ರಸನ್ನ’ ಎಂದು ಬರೆಸುತ್ತಾರೆ. ಹ್ಯಾಂಡ್‌ಬ್ರೇಕಿನ ಸರದಿ ಬಂದಾಗ ಮಾತ್ರ ‘ಮುಂದಿನ ಸಲ ನೋಡ್ವ’ ಎಂಬ ಮಾತು. ಕಣ್ಣಿಗೆ ಕಾಣದ ಕೆಲಸಕ್ಕೆ ದುಡ್ಡು ಬಿಚ್ಚಲು ಯಾರಿಗೂ ಮನಸ್ಸಿಲ್ಲ.

ಕೇಬಲು ಸಾಯುವುದು ಹೇಗೆ?

ಹೊರಗೊಂದು ಗಟ್ಟಿ ಕೊಳವೆ, ಒಳಗೆ ಉಕ್ಕಿನ ಎಳೆಗಳನ್ನು ಹೊಸೆದ ಹಗ್ಗ. ಒಂದು ತುದಿಯಲ್ಲಿ ಎಳೆದರೆ ಇನ್ನೊಂದು ತುದಿ ಎಳೆಯುತ್ತದೆ, ನಡುವೆ ಎಷ್ಟು ಬಾಗಿದ್ದರೂ ಅಡ್ಡಿಯಿಲ್ಲ. ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನಮ್ಮ ಹಳೆಯ ಸೈಕಲ್ಲುಗಳಲ್ಲಿ ಬ್ರೇಕಿಗೆ ಕಂಬಿ ಇರುತ್ತಿತ್ತು. ಕಂಬಿಗೆ ಬಾಗುವ ಗುಣವಿಲ್ಲ, ಆದರೆ ಒಂದು ದೊಡ್ಡ ಗುಣವಿದೆ: ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕೇಬಲಿನ ತುಕ್ಕು ಒಳಗೇ ಬೆಳೆಯುವಂಥದು.

ವರ್ಷಕ್ಕೆ ನೂರು ಇಂಚಿನ ಆಸುಪಾಸು ಮಳೆ ಹೊಯ್ಯುವ ಸೀಮೆ ಇದು. ಚಕ್ರದ ಬಳಿ ಕೇಬಲಿನ ಬಾಯಿಗೆ ಒಂದು ರಬ್ಬರು ಟೊಪ್ಪಿ ಇರುತ್ತದೆ. ಆ ಟೊಪ್ಪಿ ಹರಿದ ದಿನದಿಂದ ಕೆಂಪು ರಾಡಿ ಒಳಗೆ ಹೋಗುತ್ತದೆ. ನೀರು ಆರಿದರೂ ಮಣ್ಣು ಉಳಿಯುತ್ತದೆ. ಗ್ರೀಸು ಮಣ್ಣು ಸೇರಿ ಅರಗಿನಂತಾಗುತ್ತದೆ. ಆಮೇಲೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹತ್ತು ಎಳೆ ಕಡಿದರೂ ಉಳಿದವು ಎಳೆಯುತ್ತಲೇ ಇರುತ್ತವೆ, ಡ್ರೈವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೊನೆಯ ಎಳೆ ಹೋದಾಗ.

ಕಡಿಯುವುದಕ್ಕಿಂತ ಕೆಟ್ಟದ್ದು ಸಿಕ್ಕಿಕೊಳ್ಳುವುದು. ಹಿಡಿ ಕೆಳಗೆ ಬಿಟ್ಟಾಯಿತು, ಆದರೆ ಕೊಳವೆಯೊಳಗೆ ತುಕ್ಕಿನಲ್ಲಿ ಕಚ್ಚಿದ ಹಗ್ಗ ವಾಪಸು ಬರಲಿಲ್ಲ. ಲೈನರು ಡ್ರಮ್ಮಿಗೆ ಉಜ್ಜುತ್ತಲೇ ಗಾಡಿ ಓಡುತ್ತದೆ. ‘ಎಂತದೋ ಗಾಡಿ ಎಳೀತಾ ಇಲ್ಲ’ ಎಂದು ಡ್ರೈವರು ಎಂಜಿನ್ನನ್ನು ಬೈಯುತ್ತಾನೆ. ಡ್ರಮ್ಮು ಕಾದು ಕಮಟು ವಾಸನೆ ಬರುತ್ತದೆ. ಇದೇ ಸ್ಥಿತಿಯಲ್ಲಿ ದೇವಿಮನೆ ಇಳಿಯಲು ಹೊರಟರೆ? ಕಾಲುಬ್ರೇಕು ಎಣ್ಣೆಯ ಒತ್ತಡದಿಂದ ನಡೆಯುವಂಥದು. ಡ್ರಮ್ಮಿನ ಕಾವಿಗೆ ಆ ಎಣ್ಣೆ ಕುದಿದು ಆವಿಯಾದರೆ ಪೆಡಲು ಪೊಳ್ಳಾಗಿ ನೆಲಕ್ಕೆ ಹೋಗುತ್ತದೆ. ನಿಲ್ಲಿಸಲೆಂದು ಇಟ್ಟ ಕೇಬಲೇ ನಿಲ್ಲದಂತೆ ಮಾಡಿತು!

ಅದಕ್ಕೇ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕು ಮುಟ್ಟದವರು ಇದ್ದಾರೆ. ಅವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಆಷಾಢದಲ್ಲಿ ಬ್ರೇಕು ಎಳೆದು ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ಲೈನರು ಚೌತಿಯ ಹೊತ್ತಿಗೆ ಡ್ರಮ್ಮಿಗೆ ಅಂಟಿ ಕೂರುವುದು ಉಂಟು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಬ್ರೇಕು ಬಿಟ್ಟು, ನಾಲ್ಕೂ ಕಡೆ ದಿಮ್ಮಿ ಕೊಡುವುದೇ ಸರಿ. ಆದರೆ ದಿನಾ ಓಡುವ ಗಾಡಿಗೆ ಈ ನೆಪ ನಡೆಯುವುದಿಲ್ಲ. ದಿನಾ ಎಳೆದು ಬಿಡುವ ಕೇಬಲಿಗಿಂತ ಸುಮ್ಮನೆ ಬಿದ್ದ ಕೇಬಲು ಬೇಗ ಕಚ್ಚುತ್ತದೆ.

‘ಗೇರಿಗೆ ಹಾಕಿದೀನಿ, ಎಲ್ಲಿಗೆ ಹೋಗ್ತದೆ?’ ಎನ್ನುವುದು ಇನ್ನೊಂದು ಜನಪ್ರಿಯ ಧೈರ್ಯ. ಏರುಮುಖಕ್ಕೆ ಫಸ್ಟ್ ಗೇರು, ಇಳಿಮುಖಕ್ಕೆ ರಿವರ್ಸು, ಇದು ಒಳ್ಳೆಯ ಅಭ್ಯಾಸವೇ. ಆದರೆ ಗೇರಿನಲ್ಲಿ ಗಾಡಿಯನ್ನು ಹಿಡಿಯುವುದು ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಗಾಳಿ. ರಿಂಗು ಸವೆದ ಎಂಜಿನ್ನಿನಲ್ಲಿ ಆ ಗಾಳಿ ಸೋರುತ್ತದೆ. ಸೋರಿದಂತೆಲ್ಲ ಗಾಡಿ ಗುಟುಕು ಗುಟುಕಾಗಿ ಸರಿಯುತ್ತದೆ. ಗೇರಿನ ಮೇಲೆ ಹೆಚ್ಚು ನಂಬಿಕೆ ಇಟ್ಟವರು ಹಳೆ ಗಾಡಿಯವರೇ. ಸೋರುವ ಎಂಜಿನ್ನು ಇರುವುದೂ ಅವರಲ್ಲೇ.

ಗ್ಯಾರೇಜಿನಲ್ಲಿ ಒಂದು ಹೊತ್ತು

ಕೇಬಲು ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಆದರೆ ಗಡಿಬಿಡಿ ಮಾಡುವ ಕೆಲಸವೂ ಅಲ್ಲ. ಮೊದಲು ತಿಳಿಯಬೇಕಾದ್ದು, ಕೇಬಲು ಬಿಚ್ಚಿದ ಕ್ಷಣದಿಂದ ಗಾಡಿಗೆ ಹ್ಯಾಂಡ್‌ಬ್ರೇಕೇ ಇಲ್ಲ. ಅಂಥ ಗಾಡಿಯ ಅಡಿಗೇ ಮಿಸ್ತ್ರಿಯ ಹುಡುಗ ಮಲಗಬೇಕು. ಆದ್ದರಿಂದ ಜಾಗ ಸಮತಟ್ಟಾಗಿರಬೇಕು, ಮುಂದಿನ ಎರಡೂ ಚಕ್ರಕ್ಕೆ ಎರಡೂ ಕಡೆಯಿಂದ ದಿಮ್ಮಿ ಬೀಳಬೇಕು, ಜಾಕು ಎತ್ತಿದ ಮೇಲೆ ಎಕ್ಸೆಲ್ಲಿನ ಕೆಳಗೆ ಸ್ಟ್ಯಾಂಡು ನಿಲ್ಲಬೇಕು. ಜಾಕು ಇರುವುದು ಎತ್ತುವುದಕ್ಕೆ. ಅದರ ಭರವಸೆಯ ಮೇಲೆ ಅಡಿಗೆ ನುಗ್ಗುವುದನ್ನು ಯಾವ ಮಿಸ್ತ್ರಿಯೂ ಹುಡುಗರಿಗೆ ಕಲಿಸಬಾರದು. ಕಲಿಸುವವರು ಇದ್ದಾರೆ ಎಂಬುದೇ ದುಃಖದ ಸಂಗತಿ.

ಚಕ್ರ ಬಿಚ್ಚಿ, ಡ್ರಮ್ಮು ಎಳೆದ ಮೇಲೆ ಒಳಗೆ ಕರಿ ಧೂಳು ತುಂಬಿರುತ್ತದೆ. ಅದನ್ನು ಬಾಯಲ್ಲಿ ಊದುವುದು, ಗಾಳಿ ಪೈಪು ಹಿಡಿಯುವುದು ಎಲ್ಲ ಗ್ಯಾರೇಜಿನ ಮಾಮೂಲಿ ಪದ್ಧತಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ, ಕ್ಯಾನ್ಸರಿಗೂ ದಾರಿಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಲು ಐದು ನಿಮಿಷವೂ ಬೇಡ.

ಒಳಗೆ ಬ್ರೇಕ್ ಶೂವನ್ನು ತಳ್ಳುವ ಒಂದು ಸಣ್ಣ ಸನ್ನೆ. ಕೇಬಲಿನ ತುದಿ ಅದರ ಕೊಕ್ಕೆಗೆ ಸಿಕ್ಕಿರುತ್ತದೆ. ಬಿಡಿಸುವ ಮೊದಲು ಯಾವ ಸ್ಪ್ರಿಂಗು ಎಲ್ಲಿತ್ತು ಎಂದು ನೋಡಿಕೊಳ್ಳಬೇಕು. ಹಿಂದೆ ಮಿಸ್ತ್ರಿಗಳು ಒಂದು ಬದಿಯನ್ನು ಮುಟ್ಟದೆ ಬಿಟ್ಟು ಅದನ್ನೇ ನೋಡಿ ಇನ್ನೊಂದು ಬದಿ ಜೋಡಿಸುತ್ತಿದ್ದರು. ಈಗ ಹುಡುಗರು ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಇದರಲ್ಲಿ ಹೊಸ ಕಾಲವೇ ಮೇಲು.

ಚಾಸಿಯ ಕೆಳಗೆ ಬಂದರೆ ಅಲ್ಲೊಂದು ಪಟ್ಟಿ. ಅಂಗಡಿಕಾರರಿಗೆ ಹೇಳುವುದಾದರೆ ತಕ್ಕಡಿಯ ದಂಡಿಗೆ ಇದ್ದ ಹಾಗೆ. ಡ್ರೈವರು ಎಳೆದ ಬಲ ನಡುವಿಗೆ ಬರುತ್ತದೆ, ಎರಡು ತುದಿಗಳಿಂದ ಎಡಬಲದ ಚಕ್ರಗಳಿಗೆ ಸಮನಾಗಿ ಹಂಚಿ ಹೋಗುತ್ತದೆ. ದಂಡಿಗೆ ಒಂದು ಕಡೆ ವಾಲಿದೆಯೆಂದರೆ ಒಂದು ಕೇಬಲು ಉದ್ದವಾಗಿದೆ ಅಥವಾ ಕಚ್ಚಿದೆ ಎಂದು ಅರ್ಥ. ವಾಲಿದ ತಕ್ಕಡಿಯಲ್ಲಿ ತೂಗಿದರೆ ಗಿರಾಕಿ ಬಿಟ್ಟಾನೇ? ಆದರೆ ವಾಲಿದ ದಂಡಿಗೆಯ ಗಾಡಿಯನ್ನು ವರ್ಷಗಟ್ಟಲೆ ಓಡಿಸುತ್ತಾರೆ. ಒಂದು ಕಡೆ ಕೇಬಲು ಹೋದರೆ ಇನ್ನೊಂದು ಕಡೆಯದೂ ಅದೇ ಮಳೆ ಕುಡಿದದ್ದು. ಜೋಡಿಯಾಗಿ ಹಾಕುವುದೇ ಲೇಸು.

ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿ ಅಳೆಯಬೇಕು. ಎಡದ್ದು ಬಲದ್ದು ಬೇರೆ ಬೇರೆ ಉದ್ದ ಇರುವುದುಂಟು. ಹೋದ ದಾರಿಯಲ್ಲೇ ಹೋಗಬೇಕು, ತೆಗೆದ ಕ್ಲಿಪ್ಪುಗಳೆಲ್ಲ ತಿರುಗಿ ಬೀಳಬೇಕು. ಕ್ಲಿಪ್ಪು ಬಿಟ್ಟರೆ ಕೇಬಲು ಜೋತುಬಿದ್ದು ಒಂದೋ ಸೈಲೆನ್ಸರಿಗೆ ತಾಗಿ ಸುಡುತ್ತದೆ, ಇಲ್ಲ ತಿರುಗುವ ಶಾಫ್ಟಿಗೆ ಉಜ್ಜುತ್ತದೆ. ಹಳೆ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ತುರುಕುವ ಕಂಜೂಸುತನ ಬೇಡ, ಹೊಸದು ಹಾಕಿ.

ಇನ್ನು ಬಿಗಿ. ಹೆಚ್ಚಿನವರು ಎಡವುವುದು ಇಲ್ಲೇ. ಲೈನರು ಸವೆದು ಶೂ ದೂರ ಹೋಗಿದ್ದರೆ ಮೊದಲು ಡ್ರಮ್ಮಿನೊಳಗಿನ ಶೂ ಹತ್ತಿರ ತರಬೇಕು, ಆಮೇಲೆ ಕೇಬಲಿನ ನಟ್ಟು. ಶೂ ಮುಟ್ಟದೆ ಕೇಬಲನ್ನೇ ಎಳೆದು ಬಿಗಿದರೆ ಅವತ್ತಿಗೆ ಹಿಡಿ ಮೇಲೆ ನಿಲ್ಲುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಶೂ ಮಾತ್ರ ಪೂರ್ತಿ ವಾಪಸು ಹೋಗದೆ ಡ್ರಮ್ಮು ಕಾಯಿಸುತ್ತಿರುತ್ತದೆ. ಹಿಡಿ ಪೂರ್ತಿ ಕೆಳಗಿದ್ದಾಗ ಕೇಬಲಿನಲ್ಲಿ ಸ್ವಲ್ಪ ಸಡಿಲ ಇರಬೇಕು, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಎಳೆದಾಗ ಐದಾರು ‘ಕಟಕಟ’ದೊಳಗೆ ಕಚ್ಚಬೇಕು. ಲೆಕ್ಕ ಗಾಡಿಯಿಂದ ಗಾಡಿಗೆ ಬೇರೆ. ಆದರೆ ಹಿಡಿ ಎಳೆದಷ್ಟೂ ಮೇಲೆ ಬಂದು ಕೊನೆಯ ಹಲ್ಲಿಗೆ ಹೋಗಿ ನಿಂತರೆ ಅದು ಬ್ರೇಕಲ್ಲ, ಬರಿಯ ಶಬ್ದ.

ಹೊಸ ಹಗ್ಗ ಮೊದಲ ದಿನಗಳಲ್ಲಿ ತುಸು ಹಿಗ್ಗುತ್ತದೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನಟ್ಟು ನೋಡಿಸಬೇಕು. ಗ್ಯಾರೇಜಿನಿಂದ ಹೊರಟ ಮೇಲೆ ಜನವಿಲ್ಲದ ಏರಿನಲ್ಲಿ ಪರೀಕ್ಷೆ. ಡ್ರೈವರು ಸೀಟು ಬಿಡದೆ, ಚಕ್ರದಿಂದ ಗೇಣು ದೂರಕ್ಕೆ ದಿಮ್ಮಿ ಇಡಿಸಿ, ಗೇರು ತಪ್ಪಿಸಿ, ಕಾಲುಬ್ರೇಕನ್ನು ಮೆಲ್ಲನೆ ಬಿಡಬೇಕು. ಮೂತಿ ಮೇಲಾಗಿ ಒಂದು ಸಲ, ಕೆಳಗಾಗಿ ಒಂದು ಸಲ. ಖಾಲಿ ಗಾಡಿ ಪಾಸಾದರೆ ಸಾಲದು, ಲೋಡಿನಲ್ಲೂ ಪಾಸಾಗಬೇಕು.

ಕಡಿದ ಕೇಬಲಿಗೆ ವೆಲ್ಡಿಂಗು ಹೊಡೆಸುವವರ ಬಗ್ಗೆ ಎರಡು ಮಾತು. ಉಕ್ಕಿನ ಎಳೆಗೆ ಬಲ ಬಂದದ್ದು ಅದನ್ನು ತಣ್ಣಗೆ ಎಳೆದು ಗಟ್ಟಿ ಮಾಡಿದ್ದರಿಂದ. ಬೆಂಕಿ ತಾಗಿಸಿದರೆ ಆ ಗಟ್ಟಿತನ ಹೋಯಿತು. ಬೆಸುಗೆಯ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಯು ಕ್ಲಾಂಪು ಹಾಕಿ ಗಂಟು ಬಿಗಿಯುವುದೂ ಗ್ಯಾರೇಜಿನವರೆಗೆ ಬರಲಿಕ್ಕೆ ಸರಿ, ಅಡಿಕೆ ಹೇರಲಿಕ್ಕಲ್ಲ.

ಜೀಪಿನ ಕತೆಯೇ ಬೇರೆ

ತೋಟದ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿರುವ ವಿಲ್ಲಿಸ್ ಮಾದರಿಯ ಹಳೆ ಜೀಪುಗಳ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ. ನಡುವಿನ ಗೇರು ಪೆಟ್ಟಿಗೆಯ ಹಿಂದೆ, ಶಾಫ್ಟಿನ ಮೇಲೆ ಒಂದು ಸಣ್ಣ ಡ್ರಮ್ಮು. ಅಲ್ಲಿಗೇ ಕೇಬಲು. ಪೆಟ್ಟಿಗೆಯ ಎಣ್ಣೆ ಸೀಲು ಸೋರಿ ಲೈನರು ಎಣ್ಣೆಯಲ್ಲಿ ತೊಯ್ದರೆ ಎಷ್ಟು ಹೊಸ ಕೇಬಲು ಹಾಕಿದರೂ ಅಷ್ಟೇ. ಅಲ್ಲಿ ಕೇಬಲಿಗೆ ಮುಂಚೆ ಸೀಲು.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಶಾಫ್ಟನ್ನು ಹಿಡಿಯುವ ಈ ಬ್ರೇಕು ಎರಡೂ ಹಿಂದಿನ ಚಕ್ರ ನೆಲದ ಮೇಲಿರುವ ತನಕ ಮಾತ್ರ ಕೆಲಸ ಮಾಡುತ್ತದೆ. ಪಂಕ್ಚರಾಯಿತೆಂದು ಏರಿನಲ್ಲೇ ಒಂದು ಹಿಂದಿನ ಚಕ್ರ ಎತ್ತಿದಿರೋ, ಡಿಫರೆನ್ಷಿಯಲ್ಲಿನ ಗುಣವೇ ಹಾಗೆ, ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಿಕೊಂಡು ಉಳಿದದ್ದಕ್ಕೆ ಉರುಳಲು ಬಿಡುತ್ತದೆ. ಹ್ಯಾಂಡ್‌ಬ್ರೇಕು ಎಳೆದಂತೆಯೇ ಇರುತ್ತದೆ, ಜೀಪು ಜಾಕಿನಿಂದ ಜಾರುತ್ತದೆ. ಗೇರಿಗೆ ಹಾಕಿದರೂ ಇದೇ ಗತಿ. ಜೀಪಿನ ಚಕ್ರ ಎತ್ತುವ ಮುಂಚೆ ಉಳಿದ ಚಕ್ರಗಳಿಗೆ ದಿಮ್ಮಿ ಬೀಳಲೇಬೇಕು.

ಬಸ್ಸಿನಲ್ಲಿ ಓಡಾಡುವವರು ‘ನಮಗೇನು?’ ಎನ್ನಬಹುದು. ಈಗಿನ ಬಸ್ಸು ನಿಂತಾಗ ಡ್ರೈವರು ಒಂದು ಸಣ್ಣ ಗುಬ್ಬಿ ಎಳೆಯುತ್ತಾನೆ, ‘ಫುಸ್’ ಎಂದು ಗಾಳಿ ಬಿಡುತ್ತದೆ. ಅದೇ ಅದರ ಹ್ಯಾಂಡ್‌ಬ್ರೇಕು. ಅಲ್ಲಿ ಕೇಬಲಿಲ್ಲ. ದೊಡ್ಡ ಸ್ಪ್ರಿಂಗೊಂದು ಸದಾ ಬ್ರೇಕು ಹಿಡಿಯಲು ಹೊಂಚುತ್ತಿರುತ್ತದೆ, ಗಾಳಿಯ ಒತ್ತಡ ಅದನ್ನು ದೂರ ಇಟ್ಟಿರುತ್ತದೆ. ಗಾಳಿ ಹೋದರೆ ಬ್ರೇಕು ಬೀಳುತ್ತದೆ. ಹಳೆ ಗಾಡಿಯಲ್ಲಿ ಇದಕ್ಕೆ ತದ್ವಿರುದ್ಧ. ಕೇಬಲು ಹೋದರೆ ಬ್ರೇಕೂ ಹೋಯಿತು. ಬಸ್ಸಿನ ಸುರಕ್ಷತೆ ಬಸ್ಸಿನೊಳಗೇ ಇದೆಯೆಂದು ನಂಬಿ ಕೂರುವಂತಿಲ್ಲ. ತಿರುವಿನಲ್ಲಿ ಎದುರಿಗೆ ನಿಂತ ಹಳೆ ಲಾರಿಯೂ ಅದೇ ರಸ್ತೆಯ ಪಾಲುದಾರ. ಯಲ್ಲಾಪುರ ತಾಲೂಕಿನಲ್ಲಿ 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಉರುಳಿ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬಡ ವ್ಯಾಪಾರಿಗಳು ಪ್ರಾಣ ಬಿಟ್ಟರು. ಅದು ಓಡುತ್ತಿದ್ದ ಲಾರಿ, ನಿಲ್ಲಿಸಿದ್ದಲ್ಲ. ಹ್ಯಾಂಡ್‌ಬ್ರೇಕಿಗೂ ಅದಕ್ಕೂ ಗಂಟು ಹಾಕುವುದು ತಪ್ಪು. ಆದರೆ ಈ ರಸ್ತೆಗಳ ಅಂಚಿನಾಚೆ ಏನಿದೆ ಎಂಬುದನ್ನು ಆ ಬೆಳಗು ತೋರಿಸಿತು.

ಕಾನೂನು ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 126ನೇ ಕಲಮು ಹೇಳುವುದಿಷ್ಟು: ಲೈಸನ್ಸಿದ್ದವರು ಸೀಟಿನಲ್ಲಿ ಇಲ್ಲದಿದ್ದರೆ, ಎಂಜಿನ್ ನಿಲ್ಲಿಸಿ, ಬ್ರೇಕು ಹಾಕಿ ಅಥವಾ ಗಾಡಿ ತಾನಾಗಿ ಚಲಿಸದಂತೆ ಬೇರೆ ಏರ್ಪಾಡು ಮಾಡಿಯೇ ಸಾರ್ವಜನಿಕ ಸ್ಥಳದಲ್ಲಿ ಬಿಡಬೇಕು. ‘ಬೇರೆ ಏರ್ಪಾಡು’ ಎಂಬಲ್ಲಿ ಆ ಕಲ್ಲೂ ನುಸುಳೀತು ಎನ್ನುವ ಜಾಣರಿದ್ದಾರೆ. ಹಾಗಾದರೆ ಹೊರಡುವಾಗ ಆ ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುವವರು ರಾತ್ರಿ ಅದಕ್ಕೆ ಬಡಿದು ಬೀಳುವ ಬೈಕಿನವನಿಗೆ ಏನು ಹೇಳುತ್ತಾರೆ? ಕೆಎ 31 ನಂಬರಿನ ಗಾಡಿಗಳು ಎಫ್‌ಸಿಗೆಂದು ಶಿರಸಿ ಆರ್‌ಟಿಓ ಕಚೇರಿಗೆ ಹೋಗುವ ಹಿಂದಿನ ದಿನ ಕೇಬಲಿನ ನಟ್ಟು ಬಿಗಿಸಿ, ಮರುದಿನ ಸಡಿಲಿಸುವವರೂ ಇಲ್ಲದಿಲ್ಲ!

ಫೋರ್ ನಾಟ್ ಸೆವೆನ್ನಿನ ಕೇಬಲಿಗೆ ಅಷ್ಟೇನೂ ಪರದಾಡಬೇಕಿಲ್ಲ, ಸ್ಪೇರ್‌ಪಾರ್ಟಿನ ಅಂಗಡಿಯಲ್ಲಿ ಸಿಗುವ ವಸ್ತು ಅದು. ಒಂದು ಟಯರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಬೆಡ್‌ಫೋರ್ಡ್, ಫಾರ್ಗೋದಂಥ ಮುದುಕ ಗಾಡಿ ಇಟ್ಟುಕೊಂಡವರ ಪಾಡು ಹಾಗಲ್ಲ. ಅವುಗಳಿಗೆ ಹಳೆಯದನ್ನು ನೋಡಿ, ಅದೇ ಉದ್ದಕ್ಕೆ ಹೊಸ ಹಗ್ಗ ಕತ್ತರಿಸಿ, ತುದಿಯ ಗುಂಡಿ ಒತ್ತಿಸಿ ಕಟ್ಟಿಸಬೇಕಾಗುತ್ತದೆ. ಆದ್ದರಿಂದ ಕಡಿದ ಕೇಬಲನ್ನು ಬೇಲಿ ಕಟ್ಟಲು ಒಯ್ಯುವ ಮೊದಲು ಎರಡೂ ತುಂಡು, ತುದಿಯ ಗುಂಡಿ, ರಬ್ಬರು ಟೊಪ್ಪಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ, ಎಡದ್ದು ಯಾವುದು ಬಲದ್ದು ಯಾವುದು ಎಂದು ಚೀಟಿ ಕಟ್ಟಿ ಇಡಬೇಕು. ಮೇ ತಿಂಗಳ ಕೊನೆಯಲ್ಲಿ ಎಲ್ಲರಿಗೂ ಒಟ್ಟಿಗೇ ಮಳೆಯ ನೆನಪಾಗಿ ಗ್ಯಾರೇಜಿನ ಮುಂದೆ ಸಾಲು ಹತ್ತುತ್ತದೆ. ಏಪ್ರಿಲ್ಲಿನಲ್ಲೇ ಚೀಲ ಹಿಡಿದು ಬಂದವನಿಗೆ ಮಿಸ್ತ್ರಿಯೂ ಸಿಗುತ್ತಾನೆ, ಒಣಗಿದ ನೆಲವೂ ಸಿಗುತ್ತದೆ.